ಗೋಣಿ ಎಂದರೂ ಚೀಲ, ಬ್ಯಾಗ್ ಎಂದರೂ ಚೀಲ

ಕಳೆದ ಮಳೆಗಾಲದ ಒಂದು ಸಂಜೆ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಬಾಡಿಗೆ ಮನೆಯಲ್ಲಿ ಮೂರನೇ ಕ್ಲಾಸಿನ ಮಗಳು ಹೋಮ್‌ವರ್ಕ್ ಹರಡಿಕೊಂಡು ಕೂತಿದ್ದಳು. ಹತ್ತು 'ಕಾಂಪೌಂಡ್ ವರ್ಡ್ಸ್' ಬರೆದುಕೊಂಡು ಬರಬೇಕಂತೆ. ಎರಡು ಪದ ಕೂಡಿ ಒಂದಾಗುವ ಪದಗಳು. ಫುಟ್‌ಬಾಲ್, ರೇನ್‌ಕೋಟ್, ಬ್ಲ್ಯಾಕ್‌ಬೋರ್ಡ್, ಸನ್‌ಫ್ಲವರ್ ಎಂದೆಲ್ಲ ಬರೆದು ಒಂಬತ್ತಕ್ಕೆ ನಿಂತಿದ್ದಳು. ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಊರಿನಿಂದ ಬಂದು ಹದಿನೈದು ದಿನವಾಗಿದ್ದ ನನ್ನ ಅಪ್ಪ ಬಾಲ್ಕನಿಯ ಕುರ್ಚಿಯಿಂದಲೇ ಕೇಳಿದರು:

"ಏನ್ ಬರಿಯಾಕತ್ತೀಯವ್ವಾ?"

ಮಗಳು ತನಗೆ ತಿಳಿದಷ್ಟು ವಿವರಿಸಿದಳು. ಅಪ್ಪ ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕನ್ನಡದಲ್ಲಿ ನಾಲ್ಕನೇ ಇಯತ್ತೆ. ಸ್ವಲ್ಪ ಹೊತ್ತು ಯೋಚಿಸಿ, "ಗನ್ನಿ ಬ್ಯಾಗ್ ಅಂತ ಬರಿ. ನಮ್ಮ ಮಾರ್ಕೆಟ್ಟಿನ್ಯಾಗ ಸಾವ್ಕಾರ್ರು ಹಂಗ ಅಂತಿದ್ರು" ಎಂದರು.

ಮಗಳು ಬರೆದಳು. ಎರಡು ದಿನದ ನಂತರ ನೋಟ್‌ಬುಕ್ ವಾಪಸ್ ಬಂತು. ಒಂಬತ್ತು ಪದಗಳಿಗೆ ಟಿಕ್, ಹತ್ತನೆಯದರ ಮುಂದೆ ಕೆಂಪು ಶಾಯಿಯ ಪ್ರಶ್ನೆ ಚಿಹ್ನೆ. ಮಗಳು ಅಜ್ಜನ ಮುಂದೆ ನೋಟ್‌ಬುಕ್ ಹಿಡಿದಾಗ ಅಪ್ಪ ನಕ್ಕು, "ನಮ್ಮ ಇಂಗ್ಲೀಷ್ ಅಷ್ಟಾ ಬಿಡವ್ವಾ" ಎಂದು ಸುಮ್ಮನಾದರು. ಅವರು ಸುಮ್ಮನಾದ ರೀತಿ ನನಗೆ ಸರಿಬರಲಿಲ್ಲ. ಆ ರಾತ್ರಿ ನಿಘಂಟು ತೆರೆದು ಕೂತೆ. ಅಲ್ಲಿಂದ ಶುರುವಾದ ಹುಡುಕಾಟ ನನ್ನನ್ನು ಎಲ್ಲೆಲ್ಲಿಗೋ ಕರೆದೊಯ್ದು ಕೊನೆಗೆ ನಮ್ಮ ಮನೆ ಬಾಗಿಲಿಗೇ ತಂದು ನಿಲ್ಲಿಸಿತು.

ಚೀಲದ ಚೀಲ

ಮೊದಲಿಗೆ, ಅಪ್ಪನದು ತಪ್ಪಲ್ಲ. 'ಗನ್ನಿ ಬ್ಯಾಗ್' ಅಪ್ಪಟ ಕಾಂಪೌಂಡ್ ಪದ. ಇಂಗ್ಲಿಷ್ ಜೋಡುಪದಗಳಲ್ಲಿ ಮೂರು ಬಗೆ. ಫುಟ್‌ಬಾಲ್‌ನಂತೆ ಅಂಟಿಕೊಂಡವು, ನಡುವೆ ಅಡ್ಡಗೆರೆ ಇರುವವು, ಬಿಡಿಯಾಗಿ ನಿಂತೂ ಒಂದೇ ವಸ್ತುವನ್ನು ಹೇಳುವವು. ಗನ್ನಿ ಬ್ಯಾಗ್ ಮೂರನೆಯ ಬಗೆಯದು. ಹಳೆಯ ಪುಸ್ತಕಗಳಲ್ಲಿ ಇದನ್ನು ಅಡ್ಡಗೆರೆ ಹಾಕಿಯೂ ಬರೆದಿದ್ದಾರೆ. ಅಮೆರಿಕದವರು 'ಗನ್ನಿಸ್ಯಾಕ್' ಎಂದು ಅಂಟಿಸಿಯೇಬಿಟ್ಟಿದ್ದಾರೆ.

ಇನ್ನು 'ಗನ್ನಿ' ಯಾವುದು? ನಮ್ಮ ಗೋಣಿಯೇ. ಇಂಗ್ಲಿಷ್ ನಿಘಂಟುಗಳು ಹಿಂದಿ, ಮರಾಠಿಗಳ ಗೋಣಿಯನ್ನೂ ಅದರ ಹಿಂದೆ ಸಂಸ್ಕೃತದ ಗೋಣೀ ಪದವನ್ನೂ ಹೇಳುತ್ತವೆ. ಸಂಸ್ಕೃತದಲ್ಲಿ ಇದು ನಿನ್ನೆ ಮೊನ್ನೆಯದಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲೇ ಇದೆ. ಧಾನ್ಯ ತುಂಬುವ ಚೀಲ ಎಂಬ ಅರ್ಥದಲ್ಲಿ ಗೋಣೀ ಎಂಬ ರೂಪ ಹೇಗೆ ಆಗುತ್ತದೆ ಎಂದು ಒಂದು ಸೂತ್ರ ಹೇಳಿದರೆ, ಇನ್ನೊಂದು ಸೂತ್ರದ ಉದಾಹರಣೆಯಲ್ಲಿ 'ಐದು ಗೋಣಿ ಕೊಟ್ಟು ಕೊಂಡದ್ದು' ಎಂಬ ಲೆಕ್ಕ ಬರುತ್ತದೆ. ಅಂದರೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಗೋಣಿ ಚೀಲವೂ ಹೌದು, ಅಳತೆಯೂ ಹೌದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಇವತ್ತೂ 'ಇಂದು ಇಷ್ಟು ಚೀಲ ಆವಕ' ಎಂದೇ ಲೆಕ್ಕ.

'ಬ್ಯಾಗ್' ಬಂದದ್ದು ಬೇರೆ ದಿಕ್ಕಿನಿಂದ. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯ 'ಬಗ್ಗಿ', ಅಂದರೆ ಗಂಟು, ಮೂಟೆ. ಹಡಗು ಹತ್ತಿ ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ನುಡಿ ಅದು. ಪಾಣಿನಿಯ ಚೀಲಕ್ಕೆ ವೈಕಿಂಗರ ಮೂಟೆ ಜೊತೆಯಾಗಿ ಗನ್ನಿ ಬ್ಯಾಗ್ ಆಯಿತು. 13ನೆಯ ಶತಮಾನದ ನಮ್ಮ ವ್ಯಾಕರಣಕಾರ ಕೇಶಿರಾಜನ ಕಣ್ಣಿಗೆ ಬಿದ್ದಿದ್ದರೆ 'ಇದು ಅರಿಸಮಾಸ' ಎಂದು ಹುಬ್ಬು ಗಂಟಿಕ್ಕುತ್ತಿದ್ದನೋ ಏನೋ. ಹೊಂದದ ಎರಡು ಭಾಷೆಯ ಪದಗಳನ್ನು ಕೂಡಿಸಿದರೆ ಅವು ಒಂದಕ್ಕೊಂದು ಶತ್ರುಗಳು ಎಂಬುದು ಆ ಹೆಸರಿನ ಅರ್ಥ.

ಇನ್ನೊಂದು ತಮಾಷೆ ಇದೆ. ಗೋಣಿ ಎಂದರೇ ಚೀಲ. ಹಾಗಾಗಿ ಗನ್ನಿ ಬ್ಯಾಗ್ ಎಂದರೆ 'ಚೀಲದ ಚೀಲ'. ನಾವೇನು ಕಡಿಮೆ? ನಾವೂ 'ಗೋಣಿ ಚೀಲ' ಎನ್ನುತ್ತೇವೆ. ನಡುಮಧ್ಯೆ, ಗೇಟುಬಾಗಿಲು ಇದ್ದ ಹಾಗೆ. ಕೇಳುವವನಿಗೆ ಒಂದು ಪದ ತಿಳಿಯದಿದ್ದರೆ ಇನ್ನೊಂದಾದರೂ ತಿಳಿಯಲಿ ಎಂಬುದು ಸಂತೆಯ ವ್ಯಾಕರಣ. ನಾನಾ ಊರಿನವರು ಸೇರುವಲ್ಲಿ ಹುಟ್ಟುವ ಜೋಡುಪದಗಳೇ ಹಾಗೆ.

ಹಡಗು ಹತ್ತಿದ ಗೋಣಿ

ಈ ಪದವನ್ನು ಇಂಗ್ಲಿಷಿಗೆ ಒಯ್ದವರು ಕವಿಗಳಲ್ಲ, ವ್ಯಾಪಾರಿಗಳು. ಸಕ್ಕರೆ, ಅಕ್ಕಿ, ಮೆಣಸು ಕೊಳ್ಳುವಾಗ ಚೀಲದ ಬೆಲೆ ಬೇರೆ, ಮಾಲಿನ ಬೆಲೆ ಬೇರೆ. ಹಾಗಾಗಿ ಚೀಲದ ಹೆಸರು ಲೆಕ್ಕದ ಪುಸ್ತಕದಲ್ಲಿ ಬರಲೇಬೇಕು. ಭಾರತದ ವ್ಯಾಪಾರದ ಕುರಿತು ಚಾರ್ಲ್ಸ್ ಲಾಕ್ಯರ್ 1711ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಕ್ಕರೆ ತುಂಬುವ ಜೋಡಿ ಗೋಣಿಯ ಪ್ರಸ್ತಾಪವಿದೆ. 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಗನ್ನಿ ಬ್ಯಾಗಿಗೆ ತನ್ನದೇ ಜಾಗ ಸಿಕ್ಕಿತು. ಅದರ ಇಬ್ಬರು ಸಂಪಾದಕರಲ್ಲಿ ಒಬ್ಬನಾದ ಬರ್ನೆಲ್ ನಮ್ಮ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು. ಕರಾವಳಿಯ ಮಳೆಯಲ್ಲಿ ಗೋಣಿಯ ಕೊಪ್ಪೆ ಹೊದ್ದು ಹೋಗುವ ಜನರನ್ನು ಅವನು ಕಾಣದೆ ಇದ್ದಿರಲಾರ.

ಆ ಕಾಲದ ಗೋಣಿ ಕೈಮಗ್ಗದ್ದು. ಬಂಗಾಳದ ಕಡೆ ಜ್ಯೂಟ್ ನಾರು, ನಮ್ಮ ದಕ್ಷಿಣದಲ್ಲಿ ಹೆಚ್ಚಾಗಿ ಸೆಣಬು, ಪುಂಡಿ. ಗೋಣಿ ನೇಯುವುದೇ ಕುಲಕಸುಬಾಗಿದ್ದ ಜನ ಮೈಸೂರು ಸೀಮೆಯಲ್ಲೂ ತೆಲುಗು ನಾಡಿನಲ್ಲೂ ಇದ್ದರು. ಎತ್ತಿನ ಬೆನ್ನಿನ ಎರಡೂ ಕಡೆ ಇಳಿಬಿಡುವ ಹೇರುಚೀಲಗಳಲ್ಲೇ ಉಪ್ಪು, ಜೋಳ ಘಟ್ಟ ಹತ್ತಿ ಇಳಿಯುತ್ತಿದ್ದವು.

'ಜ್ಯೂಟ್' ಎಂಬ ಪದವನ್ನು 1795ರ ಸುಮಾರಿಗೆ ಇಂಗ್ಲಿಷಿಗೆ ಪರಿಚಯಿಸಿದವನು ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್. ಕಲ್ಕತ್ತದ ಸಸ್ಯೋದ್ಯಾನಕ್ಕೆ ಹೋಗುವ ಮೊದಲು ಅವನು ಇದೇ ಆಂಧ್ರ ಕರಾವಳಿಯ ಸಾಮರ್ಲಕೋಟದಲ್ಲಿ ಗಿಡಮರ ನೋಡಿಕೊಂಡಿದ್ದವನು. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದವರು ಗಡಸು ಜ್ಯೂಟ್ ನಾರನ್ನು ತಿಮಿಂಗಿಲದ ಎಣ್ಣೆಯಿಂದ ಮೆದು ಮಾಡಿ ಯಂತ್ರದಲ್ಲಿ ನೂಲುವುದನ್ನು ಕಲಿತರು. 1850ರ ದಶಕದ ಕ್ರಿಮಿಯಾ ಯುದ್ಧದಲ್ಲಿ ರಷ್ಯಾದ ನಾರು ನಿಂತಾಗ ಡಂಡೀಗೆ ಸುಗ್ಗಿ. 1855ರಲ್ಲಿ ಕಲ್ಕತ್ತದ ಹತ್ತಿರ ರಿಷ್ರಾದಲ್ಲಿ ಭಾರತದ ಮೊದಲ ಗಿರಣಿ ಎದ್ದಿತು. ಮುಂದೆ ಮೊದಲ ಮಹಾಯುದ್ಧದ ಕಂದಕಗಳ ಮರಳಿನ ಚೀಲದವರೆಗೆ ಎಲ್ಲ ಕಡೆ ಇದೇ ಬಟ್ಟೆ. ಇಂಗ್ಲೆಂಡಿನವರು ಅದನ್ನು ಜರ್ಮನಿಯ ಹೆಸ್ಸೆ ಸೀಮೆಯ ಹೆಸರಿನಿಂದ ಹೆಸ್ಸಿಯನ್ ಎಂದರು, ಅಮೆರಿಕದವರು ಬರ್ಲ್ಯಾಪ್ ಎಂದರು. ಆದರೆ ಹೊಲಿದು ಚೀಲ ಮಾಡಿದ ಕೂಡಲೇ ಅದು ಮತ್ತೆ ಗೋಣಿಯೇ.

ರೈತು ಬಜಾರಿನಲ್ಲಿ ದಬ್ಬಣ

ಇಷ್ಟನ್ನೆಲ್ಲ ಓದಿಕೊಂಡ ವಾರವೇ ಅಪ್ಪನನ್ನು ಎಂವಿಪಿ ಕಾಲೋನಿಯ ರೈತು ಬಜಾರಿಗೆ ಕರೆದುಕೊಂಡು ಹೋದೆ. ವೈಜಾಗಿನಲ್ಲಿರುವ ಕನ್ನಡಿಗರಿಗೆ ಈ ಜಾಗ ಗೊತ್ತೇ ಇರುತ್ತದೆ. 1999ರಲ್ಲಿ ಆಂಧ್ರ ಸರ್ಕಾರ ಶುರುಮಾಡಿದ ರೈತರ ಮಾರುಕಟ್ಟೆಗಳಲ್ಲಿ ಹೆಸರಾದದ್ದು. ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಜಾವವೇ ತರಕಾರಿ ಬಂದಿಳಿಯುತ್ತದೆ.

ಆಲೂಗಡ್ಡೆಯ ಗೋಣಿಯೊಂದರ ಹೊಲಿಗೆ ಬಿಟ್ಟು ಗಡ್ಡೆಗಳು ಉರುಳುತ್ತಿದ್ದವು. ಮಾರುತ್ತಿದ್ದ ಹೆಂಗಸು ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಗೋಣಿಯ ಬಾಯಿ ಹಿಡಿದು ಒದ್ದಾಡುತ್ತಿದ್ದಳು. ಅಪ್ಪ ನನ್ನನ್ನು ಕೇಳಲಿಲ್ಲ, ಪಂಚೆ ಎತ್ತಿ ಕಟ್ಟಿ ಮುಂದೆ ಕೂತೇಬಿಟ್ಟರು. "ದಬ್ಬಣ ಐತೇನವ್ವಾ?"

ನಾನು ಅನುವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ದಬ್ಬನಮಾ? ಉಂದಿ ತಾತಾ" ಎನ್ನುತ್ತ ತಗಡಿನ ಡಬ್ಬಿಯಿಂದ ಉದ್ದನೆಯ ಸೂಜಿ ತೆಗೆದುಕೊಟ್ಟಳು. ಅಪ್ಪ ಹುರಿ ಕೇಳಿದರು. ತೆಲುಗಿನಲ್ಲಿ ಅದು 'ಪುರಿ'. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ಅವರಲ್ಲಿ ಹಾಗೇ ಉಳಿಯಿತು. ನಮ್ಮ ಗೋಣಿ ಅವರ 'ಗೋನೆ'. ನಮ್ಮ ಚೀಲಕ್ಕೆ ಅವರದು 'ಸಂಚಿ'. ಸಂಚಿ ನಮ್ಮಲ್ಲೂ ಇದೆಯಲ್ಲ! ಅಜ್ಜಿಯರ ಸೊಂಟದ ಎಲೆ ಅಡಿಕೆ ಸಂಚಿ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಕವಯಿತ್ರಿ ಸಂಚಿ ಹೊನ್ನಮ್ಮನ ಹೆಸರಿನಲ್ಲಿರುವುದೂ ಅದೇ. ನಮ್ಮಲ್ಲಿ ಅಂಗೈಯಗಲದ್ದು, ಇಲ್ಲಿ ಐವತ್ತು ಕಿಲೋದ್ದು.

ಐದು ನಿಮಿಷದಲ್ಲಿ ಗೋಣಿಯ ಬಾಯಿ ಮುಚ್ಚಿತು. ಹೊಲಿಗೆಯ ಎರಡೂ ತುದಿಯಲ್ಲಿ ಅಪ್ಪ ಬಟ್ಟೆಯನ್ನು ಕಿವಿಯಂತೆ ಎದ್ದು ನಿಲ್ಲಿಸಿದ್ದರು. ಹೊರುವವನಿಗೆ ಹಿಡಿತ ಬೇಕಲ್ಲ, ಅದಕ್ಕೆ. ಅವಳು ನೋಡಿ, "ಏ ಊರು ತಾತಾ ಮೀದಿ?" ಎಂದು ಕೇಳಿದಳು. ಅಪ್ಪ "ಬ್ಯಾಡಗಿ" ಎಂದರು, ಇಡೀ ಲೋಕಕ್ಕೆ ಆ ಊರು ಗೊತ್ತು ಎಂಬಂತೆ. ಅವಳಿಗೆ ಗೊತ್ತಿತ್ತು. "ಮಿರಪಕಾಯಿ!" ಎಂದಳು.

ಆಗ ನನಗೆ ನೆನಪಾದದ್ದು ವಿಜಯವಾಡ.

ನಾನು ತುಂಬಿಟ್ಟುಕೊಂಡದ್ದು

ವೈಜಾಗಿಗೆ ಬರುವ ಮೊದಲು ನಾಲ್ಕು ವರ್ಷ ವಿಜಯವಾಡದಲ್ಲಿದ್ದೆ. ಸರಕು ಸಾಗಣೆಯ ಕೆಲಸ. ಹತ್ತಿರದ ಗುಂಟೂರಿನ ಮಿರ್ಚಿ ಯಾರ್ಡಿಗೆ ಆಗಾಗ ಹೋಗಬೇಕಿತ್ತು. ಅಲ್ಲಿ ಮೆಣಸಿನಕಾಯಿ ಚೀಲಕ್ಕೆ 'ಟಿಕ್ಕಿ' ಎನ್ನುತ್ತಾರೆ. ಫೆಬ್ರುವರಿ, ಮಾರ್ಚ್ ಬಂದರೆ ಎಲ್ಲಿ ನೋಡಿದರೂ ಟಿಕ್ಕಿಗಳ ಗೋಡೆ, ಗಾಳಿಯಲ್ಲೇ ಘಾಟು. ಥೇಟ್ ಬ್ಯಾಡಗಿ. ಮೊದಲ ಸಲ ಹೋದಾಗ ಜೊತೆಗಿದ್ದ ಸಹೋದ್ಯೋಗಿ, "ನಿಮ್ಮದೂ ಮಿರ್ಚಿ ಊರೇ ಅಲ್ಲವೇ, ನಾನ್ನಗಾರು ಏನು ಮಾಡುತ್ತಾರೆ?" ಎಂದು ಕೇಳಿದ.

"ಮಿರ್ಚಿ ಬಿಸಿನೆಸ್" ಎಂದೆ.

ಪೂರ್ತಿ ಸುಳ್ಳಲ್ಲ. ಅಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು. ಮೆಣಸಿನಕಾಯಿ ಚೀಲ ಹಗುರ. ಅದರ ಸುಗ್ಗಿ ಮುಗಿದ ಮೇಲೆ ಜೋಳ, ಅಕ್ಕಿಯ ಕ್ವಿಂಟಲ್ ಚೀಲ. ಒಬ್ಬ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಅದು ಬ್ಯಾಡಗಿಯವರೆಗೆ ಬಂದಿರಲಿಲ್ಲ. ಹೊರಲಾಗದ ವಯಸ್ಸಿಗೆ ಅಪ್ಪ ದಬ್ಬಣ ಹಿಡಿದು ಗೋಣಿ ಹೊಲಿಯಲು ಕೂತರು. "ಗೋಣಿ ಹೊತ್ತು ಹೊತ್ತು ನನ್ನ ಗೋಣ ಸೊಟ್ಟ ಆತು ನೋಡಪಾ" ಎಂದು ತಾವೇ ನಗುತ್ತಾರೆ. ನನ್ನ ಮೊದಲ ಪಾಟಿಚೀಲವೂ ಅವರು ಗೋಣಿಯ ಬಟ್ಟೆಯಲ್ಲಿ ಹೊಲಿದುಕೊಟ್ಟದ್ದೇ. ಸ್ವಾತಂತ್ರ್ಯ ದಿನದ ಗೋಣಿಚೀಲದ ಓಟದಲ್ಲಿ ನಾನು ಬಿದ್ದಾಗ ಹುಡುಗರು, 'ಅವರಪ್ಪಂದ ಚೀಲ, ಅವನಿಗೇ ಓಡಾಕ ಬರವಲ್ದು' ಎಂದು ಕೂಗಿದ್ದರು. ಅವತ್ತೇ ಇರಬೇಕು, ನಾನು ಈ ಪದವನ್ನು ಬಾಯಿಂದ ತೆಗೆದುಬಿಟ್ಟದ್ದು.

ಇಂಗ್ಲಿಷಿನಲ್ಲಿ 'ಗನ್ನಿಸ್ಯಾಕಿಂಗ್' ಎಂಬ ಮಾತೂ ಇದೆ ಎಂದು ಈ ಹುಡುಕಾಟದಲ್ಲೇ ತಿಳಿಯಿತು. ಸಂಸಾರದ ಜಗಳಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಬ್ಯಾಕ್ 1960ರ ದಶಕದಲ್ಲಿ ಬಳಸಿದ್ದು. ಆಡಬೇಕಾದ ಮಾತನ್ನು ಆಡದೆ ಒಳಗೆ ಗೋಣಿಯಲ್ಲಿ ತುಂಬಿಡುತ್ತ ಹೋಗುವುದು, ಒಂದು ದಿನ ಅದು ಬಾಯಿ ಬಿಟ್ಟು ಎಲ್ಲ ಚೆಲ್ಲುವುದು. ನಾನು ತುಂಬಿಟ್ಟದ್ದು ಸಿಟ್ಟಲ್ಲ, ನಾಚಿಕೆ. ಈಗ ನನ್ನ ದಿನವೆಲ್ಲ ಕಂಟೇನರ್‌ಗಳ ಲೆಕ್ಕದಲ್ಲಿ ಹೋಗುತ್ತದೆ. ಇಪ್ಪತ್ತು ಅಡಿಯ ಒಂದು ಕಂಟೇನರ್‌ನಲ್ಲಿ ಐವತ್ತು ಕಿಲೋದ 400ಕ್ಕೂ ಹೆಚ್ಚು ಅಕ್ಕಿಚೀಲ ಹಿಡಿಸುತ್ತವೆ. ಅವನ್ನು ಒಂದೊಂದಾಗಿ ಯಾರೋ ಹೊತ್ತು ಒಳಗಿಟ್ಟಿರುತ್ತಾರೆ ಎಂಬುದು ನನ್ನ ಪರದೆಯ ಮೇಲೆ ಕಾಣುವುದಿಲ್ಲ.

ಭೀಮಿಲಿಯ ಪುಂಡಿ

ಮುಂದಿನ ಭಾನುವಾರ ಎಲ್ಲರೂ ಭೀಮಿಲಿಗೆ ಹೋದೆವು. ಕಾಲೋನಿಯಿಂದ ಕಡಲ ದಂಡೆಯ ರಸ್ತೆ ಹಿಡಿದರೆ ರುಷಿಕೊಂಡ ದಾಟಿ ಒಂದು ಗಂಟೆಯೊಳಗಿನ ದಾರಿ. ಭೀಮುನಿಪಟ್ಟಣ ಅದರ ಪೂರ್ತಿ ಹೆಸರು. ಹಿಂದೆ ಡಚ್ಚರ ನೆಲೆ. 17ನೆಯ ಶತಮಾನದ ಅವರ ಗೋರಿಗಳು ಇನ್ನೂ ಇವೆ. 1825ರಲ್ಲಿ ಊರು ಇಂಗ್ಲಿಷರ ಕೈಗೆ ಬಂತು. ಅವರ ಬಾಯಲ್ಲಿ ಅದು ಬಿಮ್ಲಿಪಟಂ. ನಾರಿನ ವ್ಯಾಪಾರದವರಿಗೆ ಇವತ್ತಿಗೂ ಆ ಹೆಸರು ಗೊತ್ತು. ಈ ಬಂದರಿನಿಂದ ಹೊರಟ ನಾರಿಗೆ 'ಬಿಮ್ಲಿ ಜ್ಯೂಟ್' ಎಂದೇ ಹೆಸರು.

ಅದು ಬಂಗಾಳದ ಜ್ಯೂಟ್ ಅಲ್ಲ, ದಾಸವಾಳದ ಕುಟುಂಬದ ಇನ್ನೊಂದು ಗಿಡ. ತೆಲುಗಿನಲ್ಲಿ 'ಗೋಗು'. ಗೋಗಿನ ಕೂರ, ಅಂದರೆ ಸೊಪ್ಪು, ಗೋಂಗೂರ! ಇದೂ ಒಂದು ಜೋಡುಪದವೇ. ಆಂಧ್ರದವರು ಅನ್ನಕ್ಕೆ ಕಲಸಿಕೊಂಡು ಪ್ರಾಣ ಬಿಡುವ ಗೋಂಗೂರ ನಮ್ಮ ಉತ್ತರ ಕರ್ನಾಟಕದ ಪುಂಡಿ. ರೊಟ್ಟಿಯ ಜೊತೆಗಿನ ಪುಂಡಿಪಲ್ಲೆ. ಸೊಪ್ಪಿಗಾಗಿಯೂ ನಾರಿಗಾಗಿಯೂ ಬೆಳೆಯುವ ಹತ್ತಿರದ ಎರಡು ಜಾತಿಯ ಗಿಡಗಳಿಗೆ ವ್ಯಾಪಾರದಲ್ಲಿ 'ಮೆಸ್ತಾ' ಎಂದು ಒಂದೇ ಹೆಸರು. ಗಿಡ ಕೊಯ್ದು, ಕಾಂಡವನ್ನು ಕೆಲವು ವಾರ ನೀರಿನಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು ತೊಳೆದರೆ ನಾರು. ಕಾರಿನಲ್ಲಿ ಇದನ್ನು ಹೇಳಿದಾಗ ಅಪ್ಪನಿಗೆ ಹೊಸದೇನೂ ಅನ್ನಿಸಲಿಲ್ಲ. "ಹೌದಪಾ, ಪುಂಡಿನಾರಿನ ಹಗ್ಗ ಹೊಸೀತಿದ್ರು ನಮ್ಮಜ್ಜ" ಎಂದರು. ಎಂಟು ವರ್ಷದಿಂದ ಆಂಧ್ರದಲ್ಲಿದ್ದು ವಾರಕ್ಕೆರಡು ಸಲ ಗೋಂಗೂರ ತಿಂದ ನನಗೆ ಅದು ಗೋಣಿಯ ಗಿಡ ಎಂದು ತಿಳಿದಿರಲಿಲ್ಲ.

1947ರ ದೇಶವಿಭಜನೆಯಲ್ಲಿ ಜ್ಯೂಟ್ ಬೆಳೆಯುವ ಒಳ್ಳೆಯ ನೆಲ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋಯಿತು, ಗಿರಣಿಗಳು ಭಾರತದಲ್ಲಿ ಉಳಿದವು. ಆಗ ಮೆಸ್ತಾಕ್ಕೆ ಬೇಡಿಕೆ ಬಂತು. ಉತ್ತರಾಂಧ್ರದ ರೈತರು ಅದನ್ನು ಹೊಲಗಟ್ಟಲೆ ಹಾಕಿದರು. ಭೀಮಿಲಿಯ ಪಕ್ಕದಲ್ಲೇ ಗೋಸ್ತನಿ ನದಿಯ ದಂಡೆಯ ಚಿಟ್ಟಿವಲಸದಲ್ಲಿ, ಆಚೆ ವಿಜಯನಗರದ ಬಳಿಯ ನೆಲ್ಲಿಮರ್ಲದಲ್ಲಿ ಗಿರಣಿಗಳು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು. ಆಮೇಲೆ ಪ್ಲಾಸ್ಟಿಕ್ ಚೀಲ ಬಂತು. ಆಹಾರಧಾನ್ಯ, ಸಕ್ಕರೆ ತುಂಬಲು ಸೆಣಬಿನ ಚೀಲ ಬಳಸಬೇಕೆಂದು ಕೇಂದ್ರ ಸರ್ಕಾರ 1987ರಲ್ಲಿ ಕಾನೂನು ಮಾಡಿತು. ಆದರೂ ಚಿಟ್ಟಿವಲಸದ ಗಿರಣಿಗೆ 2009ರಲ್ಲಿ ಬೀಗ ಬಿತ್ತು. ಮುಚ್ಚಿದ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ ಅಪ್ಪ ಇಳಿದು ಒಂದು ನಿಮಿಷ ನಿಂತರು. "ಇಲ್ಲಿಂದೂ ಒಂದು ಗೋಣಿ ನನ್ನ ಬೆನ್ನ ಮ್ಯಾಲೆ ಬಂದಿದ್ದೀತು" ಎಂದರು.

ಬಾಗಿಲಿನ ಗೋಣಿ

ಮನೆಗೆ ಬಂದ ಮೇಲೆ ಅಪ್ಪ ಕಿರಾಣಿ ಅಂಗಡಿಯಿಂದ ಹಳೆಯ ಅಕ್ಕಿಗೋಣಿಯೊಂದನ್ನು ಕೇಳಿ ತಂದರು. ಬಿಚ್ಚಿ, ಒಗೆದು, ಎರಡು ಪದರ ಮಡಿಸಿ ಅಂಚು ಹೊಲಿದು ಬಾಗಿಲ ಮುಂದೆ ಕಾಲೊರಸು ಹಾಕಿದರು. ಒಳಗೆ ನಾವು ಆನ್‌ಲೈನ್‌ನಲ್ಲಿ ತರಿಸಿದ್ದ ಮ್ಯಾಟ್ ಇತ್ತು. ಹಿಂದಿನ ನಾನಾಗಿದ್ದರೆ, ಯಾರಾದರೂ ಬರುತ್ತಾರೆಂದರೆ ಆ ಗೋಣಿಯನ್ನು ಮೆಲ್ಲನೆ ಬಾಲ್ಕನಿಗೆ ಸರಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಮುಂದಿನ ವಾರ ಆಫೀಸಿನ ಹಿರಿಯ ಸಹೋದ್ಯೋಗಿ ಮನೆಗೆ ಬರುವುದಿದ್ದಾಗ ಕೈ ಅದರ ಕಡೆ ಹೋಗಿಯೂ ಇತ್ತು. ಮಗಳು ನೋಡುತ್ತಿದ್ದಳು. ಕೈ ಹಿಂದೆ ತೆಗೆದುಕೊಂಡೆ.

ಅವರು ಚಪ್ಪಲಿ ಬಿಡುವಾಗ ಅದರ ಹೊಲಿಗೆ ನೋಡಿ, "ಯಾರು ಮಾಡಿದ್ದು? ಚೆನ್ನಾಗಿದೆ" ಎಂದರು.

"ಮಾ ನಾನ್ನಗಾರು" ಎಂದೆ. ಆಮೇಲೆ ಎಂಟು ವರ್ಷ ಹೇಳದೆ ಇದ್ದದ್ದನ್ನು ನನ್ನ ಹರುಕುಮುರುಕು ತೆಲುಗಿನಲ್ಲಿ ಹೇಳಿದೆ. ಅವರು ಹಮಾಲಿ. ಮೂವತ್ತು ವರ್ಷ ಗೋಣಿ ಹೊತ್ತಿದ್ದಾರೆ.

ಅವರ ಮುಖದಲ್ಲಿ ನಾನು ಹೆದರಿದ್ದು ಏನೂ ಕಾಣಲಿಲ್ಲ. ನೇರ ಬಾಲ್ಕನಿಗೆ ಹೋಗಿ ಅಪ್ಪನ ಪಕ್ಕ ಕೂತರು. ಅವರ ತಾತ ಚಿಟ್ಟಿವಲಸದ ಗಿರಣಿಯಲ್ಲಿ ಮಗ್ಗದ ಕೆಲಸಗಾರರಂತೆ. ಇದನ್ನು ಅವರೂ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಒಬ್ಬರಿಗೆ ತೆಲುಗು ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ಗೋಣಿ, ಗೋನೆ, ದಬ್ಬಣ, ದಬ್ಬನಂ, ಹುರಿ, ಪುರಿ, ಹಮಾಲಿ. ಇಷ್ಟು ಪದಗಳಲ್ಲಿ ಒಂದು ಗಂಟೆ ಮಾತಾಡಿದರು. ನಾನು ಚಹಾ ಕೊಟ್ಟು ಸುಮ್ಮನೆ ನಿಂತಿದ್ದೆ.

ಮಗಳ ನೋಟ್‌ಬುಕ್ಕಿನ ಕಥೆ ಉಳಿಯಿತಲ್ಲ. ನಿಘಂಟಿನ ಪುಟದ ಪ್ರತಿ ಅಂಟಿಸಿ ಕಳಿಸಿದ್ದೆ. ಪ್ರಶ್ನೆ ಚಿಹ್ನೆಯ ಪಕ್ಕ ಟಿಕ್ ಬಿದ್ದು ಬಂತು. ಅಪ್ಪ ಅದನ್ನು ಕನ್ನಡಕ ಹಾಕಿಕೊಂಡು ನೋಡಿದರು. "ಹತ್ತಕ್ಕ ಹತ್ತು" ಎಂದು ಮೊಮ್ಮಗಳ ಬೆನ್ನು ತಟ್ಟಿದರು.

ಈಗ ಅವರು ಊರಿಗೆ ಹೋಗಿದ್ದಾರೆ. ಗೋಣಿ ಬಾಗಿಲಲ್ಲೇ ಇದೆ. ನೀವು ಪುಣೆಯಲ್ಲಿರಿ, ಹೈದರಾಬಾದಿನಲ್ಲಿರಿ, ದುಬೈಯಲ್ಲಿರಿ, ಅಪ್ಪ ಅಮ್ಮನ ಕಸುಬಿನ ಪದವೊಂದು ನಿಮ್ಮಲ್ಲೂ ಎಲ್ಲೋ ಮೂಲೆಗೆ ಸರಿದು ಕೂತಿರಬಹುದು. ಒಮ್ಮೆ ಹೊರಗೆ ತೆಗೆದು ಪಕ್ಕದ ಮನೆಯವರ ಮುಂದೆ ಆಡಿ ನೋಡಿ. ಅದು ಅವರ ಮನೆಯಲ್ಲೂ ಇದ್ದೀತು.